ಬೆಳಕು ಹಿಡಿಯೋರು ಇನ್ನಾದರೂ ಕೆಳಗಿಳೀಲಿ: ರಿಮೋಟ್ ಫಾಲೋಸ್ಪಾಟ್ ಮತ್ತು ನಮ್ಮ ಜಾತ್ರೆಯ ಸ್ಟೇಜು

(ಪಾಡ್‌ಕಾಸ್ಟ್ ಸಂಚಿಕೆಯ ಮಾತಿನ ಪಠ್ಯರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣ ಬದಲಾವಣೆ ಮಾಡಲಾಗಿದೆ.)

ರಾಯಚೂರಿನಿಂದ ಮಾತಾಡ್ತಾ ಇದ್ದೀನಿ. ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರೋರಿಗೆ, ಮಾನ್ವಿ ಬಸ್ಸಿನ ಕಿಟಕಿ ಪಕ್ಕ ಕೂತು ಇದನ್ನ ಓದ್ತಾ ಇರೋರಿಗೆ, ಎಲ್ರಿಗೂ ಸ್ವಾಗತ.

ಇವತ್ತು ಒಂದು ಬೆಳಕಿನ ವೃತ್ತದ ಬಗ್ಗೆ ಮಾತು. ನೀವು ಫೋನಿನಲ್ಲಿ ನೋಡಿದ ಯಾವುದಾದ್ರೂ ದೊಡ್ಡ ಲೈವ್ ಕಾರ್ಯಕ್ರಮ ನೆನಪು ಮಾಡಿಕೊಳ್ಳಿ. 2025ರ ಜನವರಿ 26ರಂದು ಅಹಮದಾಬಾದಿನ ಸ್ಟೇಡಿಯಂನಿಂದ ಕೋಲ್ಡ್‌ಪ್ಲೇ ಕಾರ್ಯಕ್ರಮ ಹಾಟ್‌ಸ್ಟಾರ್‌ನಲ್ಲಿ ನೇರವಾಗಿ ಬಂತಲ್ಲ, ಅಂಥದ್ದು. ಇಲ್ಲಾ ಯಾವುದೋ ಪ್ರಶಸ್ತಿ ಸಮಾರಂಭ, ಟಿ.ವಿ. ಹಾಡಿನ ಸ್ಪರ್ಧೆಯ ಫಿನಾಲೆ. ಇಂಥ ಕಾರ್ಯಕ್ರಮಗಳಲ್ಲಿ ಹಾಡುವವರು ಸ್ಟೇಜಿನ ಈ ತುದಿಯಿಂದ ಆ ತುದಿಗೆ ಓಡ್ತಾರೆ, ಜನರ ಮಧ್ಯೆ ಇಳೀತಾರೆ, ಮತ್ತೆ ಮೇಲೆ ಹತ್ತುತ್ತಾರೆ. ಆದ್ರೆ ಮುಖ ಮಾತ್ರ ಒಂದು ಕ್ಷಣವೂ ಕತ್ತಲಾಗೋದಿಲ್ಲ. ಒಂದು ದುಂಡನೆಯ ಬೆಳಕು ನೆರಳಿನ ಹಾಗೆ ಅವರ ಹಿಂದೆಯೇ ಇರುತ್ತೆ.

ಆ ಬೆಳಕಿನ ಹೆಸರು ಫಾಲೋಸ್ಪಾಟ್. ನಮ್ಮ ಕಡೆ ಸೌಂಡು-ಲೈಟಿನ ಹುಡುಗರು ಅದಕ್ಕೆ ‘ಫೋಕಸ್’ ಅಂತಾರೆ. ನನ್ನ ಪ್ರಶ್ನೆ ಇಷ್ಟೇ: ಅದನ್ನ ತಿರುಗಿಸ್ತಾ ಇರೋರು ಯಾರು? ಎಲ್ಲಿ ಕೂತಿರ್ತಾರೆ?

ಈ ಪ್ರಶ್ನೆ ನನಗೆ ಯಾಕೆ ಮುಖ್ಯ ಅಂತ ಮೊದಲು ಹೇಳಿಬಿಡ್ತೀನಿ. ನಾನು 19 ವರ್ಷದವನಿದ್ದಾಗ ದೇವದುರ್ಗ ತಾಲ್ಲೂಕಿನ ಒಂದು ಊರಿನ ಜಾತ್ರೆಗೆ ಲೈಟಿನವರ ಜೊತೆ ಕೂಲಿಗೆ ಹೋಗಿದ್ದೆ. ಸ್ಟೇಜಿನ ಎದುರಿಗೆ, ಜನರ ಹಿಂದೆ, ಕಬ್ಬಿಣದ ಪೈಪಿನ ಒಂದು ಅಟ್ಟ. ಮೂರಾಳು ಎತ್ತರ. ಮೇಲೆ ಒಂದು ಹಲಗೆ, ಹಲಗೆ ಮೇಲೆ ಫೋಕಸ್ ಲೈಟು, ಲೈಟಿನ ಹಿಂದೆ ನಾನು. ಸೊಂಟಕ್ಕೆ ಬೆಲ್ಟ್ ಇಲ್ಲ, ಹಿಡ್ಕೊಳ್ಳೋಕೆ ಅಡ್ಡಪೈಪು ಒಂದೇ. ಏಪ್ರಿಲ್ ಕೊನೆಯ ದಿನಗಳು. ನಮ್ಮ ಕಡೆ ಮಳೆಗಿಂತ ಮೊದಲು ಗಾಳಿ ಹೆಂಗ ಬರ್ತದೆ ಅಂತ ನಿಮಗೆ ಗೊತ್ತು. ರಾತ್ರಿ ಹನ್ನೊಂದರ ಸುಮಾರಿಗೆ ಗಾಳಿ ಎದ್ದಿತು, ಅಟ್ಟ ತೂಗೋಕೆ ಶುರುವಾಯ್ತು. ಇಳೀತೀನಿ ಅಂತ ಕೆಳಗೆ ಕೂಗಿ ಹೇಳಿದೆ. ಕೆಳಗಿಂದ ಬಂದ ಉತ್ತರ: “ಈಗ ಇಳೀಬ್ಯಾಡೋ ತಮ್ಮಾ, ಹಾಡು ಮುಗೀಲಿ.”

ಹಾಡು ಮುಗಿಯೋಕೆ ನಾಲ್ಕು ನಿಮಿಷ ಹಿಡೀತು. ಆ ನಾಲ್ಕು ನಿಮಿಷ ನನ್ನ ಕೈ ಲೈಟಿನ ಹಿಡಿಕೆ ಮೇಲೆ ಇರಲೇ ಇಲ್ಲ, ಪೈಪಿನ ಮೇಲಿತ್ತು. ಬೆಳಕು ಹಾಡ್ತಿದ್ದಾಕೆಯ ಮುಖ ಬಿಟ್ಟು ಹಿಂದಿನ ಪರದೆ ಮೇಲೆ ನಿಂತಿತ್ತು. ಏನೂ ಆಗಲಿಲ್ಲ, ಸುಮ್ಮನೆ ಇಳಿದು ಬಂದೆ. ಮರುದಿನ ಬೈಸಿಕೊಂಡಿದ್ದು ಮಾತ್ರ ಬೆಳಕು ತಪ್ಪಿದ್ದಕ್ಕೆ.

ಆಗ ನನಗೆ ಗೊತ್ತಿರಲಿಲ್ಲ: ಜಗತ್ತಿನ ಇನ್ನೊಂದು ಕಡೆ ಇದೇ ತೊಂದರೆಗೆ ಜನ ಒಂದು ದಾರಿ ಹುಡುಕಿದ್ರು. ಲೈಟು ಮೇಲೇ ಇರಲಿ, ಮನುಷ್ಯ ಕೆಳಗೆ ಬರಲಿ ಅನ್ನೋದು ಆ ದಾರಿ. ಇವತ್ತಿನ ಮಾತು ಅದರದ್ದು.

ಹಿಲಾಲಿನಿಂದ ಸುಣ್ಣದ ಬೆಳಕಿಗೆ

ಫಾಲೋಸ್ಪಾಟ್ ಅನ್ನೋ ಹೆಸರು ಇಂಗ್ಲಿಷಿನದ್ದು, ಕೆಲಸ ನಮಗೆ ಹೊಸದಲ್ಲ. ನಿಮ್ಮ ಅಜ್ಜ-ಅಜ್ಜಿಯರನ್ನ ಕೇಳಿ ನೋಡ್ರಿ. ದೊಡ್ಡಾಟ ಬೆಳಗಿನ ತನಕ ನಡೀತಿತ್ತು. ಕರೆಂಟ್ ಇಲ್ಲದ ಕಾಲದಲ್ಲಿ ಹಿಲಾಲು, ಪಂಜು, ಆಮೇಲೆ ಗ್ಯಾಸ್ ಬತ್ತಿ. ವೇಷ ರಂಗಕ್ಕೆ ಬಂದಾಗ ಹಿಲಾಲು ಹಿಡಿದವರು ಅದರ ಜೊತೆ ಹೆಜ್ಜೆ ಹಾಕ್ತಿದ್ರು. ಕಿರೀಟದ ಮೇಲೆ, ಬಣ್ಣ ಹಚ್ಚಿದ ಮುಖದ ಮೇಲೆ ಬೆಳಕು ಬೀಳಬೇಕು, ಹೊಗೆ ಕಣ್ಣಿಗೆ ಹೋಗಬಾರದು, ಎಣ್ಣೆ ಯಾರ ಮೈಮೇಲೂ ಸಿಡೀಬಾರದು. ಆ ಹಿಲಾಲು ಹಿಡಿದವರೇ ನಮ್ಮ ಮೊದಲ ಫಾಲೋಸ್ಪಾಟ್ ಆಪರೇಟರ್‌ಗಳು. ಭೀಮನ ಪಾತ್ರ ಮಾಡಿದವರ ಹೆಸರು ಊರಿನವರಿಗೆ ನೆನಪಿರುತ್ತೆ. ಹಿಲಾಲು ಹಿಡಿದವರ ಹೆಸರು ಯಾರಿಗೂ ನೆನಪಿಲ್ಲ.

ಅತ್ತ ಯುರೋಪಿನಲ್ಲಿ ಇದೇ ಕೆಲಸಕ್ಕೆ ಸುಣ್ಣ ಬಂತು. ಹೌದು, ಎಲೆ-ಅಡಿಕೆಗೆ ಹಚ್ಚೋ ಸುಣ್ಣದ ಅಣ್ಣ, ಸುಟ್ಟ ಸುಣ್ಣದಕಲ್ಲು. ಅದರ ತುಂಡನ್ನ ಆಮ್ಲಜನಕ ಮತ್ತು ಜಲಜನಕದ ಉರಿಯಲ್ಲಿ ಕಾಯಿಸಿದ್ರೆ ಕಣ್ಣು ಕೋರೈಸೋ ಬಿಳಿ ಬೆಳಕು ಬರುತ್ತೆ. 1837ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಇದನ್ನ ಬಳಸಿದ್ರು. ‘ಲೈಮ್‌ಲೈಟ್‌ಗೆ ಬಂದ’ ಅಂತ ನಾವು ಸಿನಿಮಾ ಸುದ್ದಿಯಲ್ಲಿ ಓದ್ತೀವಲ್ಲ, ಆ ಮಾತು ಹುಟ್ಟಿದ್ದು ಈ ಸುಣ್ಣದ ದೀಪದಿಂದ. ಅದನ್ನ ನೋಡಿಕೊಳ್ಳೋಕೆ ದೀಪದ ಪಕ್ಕದಲ್ಲೇ ಒಬ್ಬ ಮನುಷ್ಯ ಇರಬೇಕಿತ್ತು. ಒಂದು ಕೈ ಗ್ಯಾಸಿನ ಮೇಲೆ, ಇನ್ನೊಂದು ಕೈ ಸುಣ್ಣದ ತುಂಡಿನ ಮೇಲೆ, ಕಣ್ಣು ನಟನ ಮೇಲೆ.

ಆಮೇಲೆ ಕಾರ್ಬನ್ ಆರ್ಕ್ ಬಂತು, ಕ್ಸೆನಾನ್ ಬಂತು. ಸೂಪರ್ ಟ್ರೂಪರ್ ಅನ್ನೋ ಅಮೆರಿಕದ ಫಾಲೋಸ್ಪಾಟ್ ಎಷ್ಟು ಹೆಸರು ಮಾಡಿತು ಅಂದ್ರೆ, 1980ರಲ್ಲಿ ಸ್ವೀಡನ್ನಿನ ಆ್ಯಬಾ ತಂಡ ತನ್ನ ಹಾಡಿಗೂ ಆಲ್ಬಮ್ಮಿಗೂ ಅದರ ಹೆಸರೇ ಇಟ್ಟಿತು. ದೀಪ ಬದಲಾಗ್ತಾ ಹೋಯ್ತು. ದೀಪದ ಹಿಂದೆ ಒಬ್ಬ ಮನುಷ್ಯ ಇರೋದು ಮಾತ್ರ ಬದಲಾಗಲಿಲ್ಲ.

ಮೇಲಿನ ಕುರ್ಚಿ

ದೊಡ್ಡ ಸಂಗೀತ ಕಾರ್ಯಕ್ರಮಗಳಲ್ಲಿ ಎರಡು ಜಾಗದಲ್ಲಿ ಫಾಲೋಸ್ಪಾಟ್ ಇಡ್ತಿದ್ರು. ಒಂದು ಜನರ ಹಿಂದಿನ ಅಟ್ಟದ ಮೇಲೆ. ಇನ್ನೊಂದು ಸ್ಟೇಜಿನ ನೆತ್ತಿಯ ಮೇಲೆ, ಲೈಟು ತೂಗುಹಾಕೋ ಟ್ರಸ್ ಅನ್ನೋ ಲೋಹದ ಚೌಕಟ್ಟಿಗೇ ಒಂದು ಕುರ್ಚಿ ಬಿಗಿದು. ಆ ಕುರ್ಚಿಗೆ ಹಗ್ಗದ ಏಣಿ ಹತ್ತಿ ಹೋಗಬೇಕು. ಒಮ್ಮೆ ಹತ್ತಿದ್ರೆ ಕಾರ್ಯಕ್ರಮ ಮುಗಿಯೋ ತನಕ ಇಳಿಯೋ ಹಾಗಿಲ್ಲ. ನೀರು, ಮೂತ್ರ, ಬಿಸಿ, ಎಲ್ಲ ಅಲ್ಲೇ ಸಹಿಸಿಕೊಳ್ಳಬೇಕು.

2011ರ ಆಗಸ್ಟ್ 13ರಂದು ಅಮೆರಿಕದ ಇಂಡಿಯಾನಾ ರಾಜ್ಯದ ಜಾತ್ರೆಯಲ್ಲಿ ಏನಾಯ್ತು ಗೊತ್ತಾ? ಅವರ ‘ಸ್ಟೇಟ್ ಫೇರ್’ ಅಂದ್ರೆ ನಮ್ಮ ಜಾತ್ರೆ-ಕೃಷಿ ಮೇಳ ಎರಡೂ ಸೇರಿದ ಹಾಗೆ. ಸಂಜೆ ಮುಖ್ಯ ತಂಡ ಸ್ಟೇಜಿಗೆ ಬರೋಕೆ ಮೊದಲು ಬಿರುಗಾಳಿ ಎದ್ದಿತು. ಲೈಟು ಹೊತ್ತಿದ್ದ ಸ್ಟೇಜಿನ ಇಡೀ ಛಾವಣಿ ಜನರ ಮೇಲೆ ಬಿತ್ತು. ಏಳು ಜನ ಸತ್ರು. ಅವರಲ್ಲಿ ಒಬ್ಬರು ಚೌಕಟ್ಟು ಬೀಳೋವಾಗ ಅದರ ಮೇಲೇ ಇದ್ದ ಸ್ಟೇಜ್ ಕಾರ್ಮಿಕ.

ದುಡ್ಡಿರೋ ದೇಶ, ದೊಡ್ಡ ಕಾರ್ಯಕ್ರಮ, ಅಲ್ಲೂ ಗಾಳಿ ಯಾರನ್ನೂ ಕೇಳಲಿಲ್ಲ. ನಮ್ಮ ಪೈಪಿನ ಅಟ್ಟ ಯಾವ ಲೆಕ್ಕ?

ಲೈಟು ಮೇಲೆ, ಕೈ ಕೆಳಗೆ

ಈಗ ತಂತ್ರಜ್ಞಾನದ ಮಾತಿಗೆ ಬರೋಣ. ಮನುಷ್ಯನನ್ನ ಕೆಳಗಿಳಿಸೋಕೆ ಮೂರು ಸಂಗತಿ ಬೇಕಿತ್ತು: ತಾನೇ ತಿರುಗೋ ಲೈಟು, ಅದಕ್ಕೆ ಅರ್ಥವಾಗೋ ಭಾಷೆ, ಮತ್ತೆ ಒಂದು ಕಣ್ಣು.

ತಾನೇ ತಿರುಗೋ ಲೈಟು ಮೊದಲು ಸದ್ದು ಮಾಡಿದ್ದು 1981ರಲ್ಲಿ. ಜೆನೆಸಿಸ್ ಅನ್ನೋ ಬ್ರಿಟಿಷ್ ತಂಡ ಸ್ಪೇನಿನ ಬಾರ್ಸಿಲೋನಾದಲ್ಲಿ ವ್ಯಾರಿಲೈಟ್ ಅನ್ನೋ ಮೋಟಾರ್ ಇರೋ ಲೈಟುಗಳನ್ನ ಜನರ ಮುಂದೆ ತಂದಿತು. ಇವತ್ತು ನಮ್ಮೂರ ಮದುವೆಯ ಡಿಜೆ ಗಾಡಿಯ ಮೇಲೂ ತಲೆ ತಿರುಗಿಸೋ ‘ಮೂವಿಂಗ್ ಹೆಡ್’ ಲೈಟ್ ಕಾಣುತ್ತಲ್ಲ, ಅದು ಇದೇ ವಂಶದ್ದು.

ಭಾಷೆ ಬಂದಿದ್ದು 1986ರಲ್ಲಿ. ಹೆಸರು ಡಿಎಂಎಕ್ಸ್ 512. ಒಂದು ಕೇಬಲ್ಲಿನಲ್ಲಿ 512 ಚಾನೆಲ್. ಪ್ರತಿ ಚಾನೆಲ್ಲಿನಲ್ಲಿ 0ಯಿಂದ 255ರ ತನಕ ಒಂದು ಸಂಖ್ಯೆ. ಒಂದು ಚಾನೆಲ್ ಬೆಳಕು ಎಷ್ಟು ಅಂತ ಹೇಳುತ್ತೆ, ಇನ್ನೊಂದು ಬಣ್ಣ, ಮತ್ತೊಂದು ಎಡ-ಬಲ, ಮತ್ತೊಂದು ಮೇಲೆ-ಕೆಳಗೆ. ಸೆಕೆಂಡಿಗೆ ಸುಮಾರು 44 ಸಲ ಈ ಸಂಖ್ಯೆಗಳೆಲ್ಲ ಹೊಸದಾಗಿ ಹೋಗ್ತಾ ಇರುತ್ತವೆ.

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಗಣಿತ ಅಂದ ತಕ್ಷಣ ಮುಂದಕ್ಕೆ ಓಡಿಸಬೇಡಿ, ಮಜಾ ಇದೆ. ಸಾಮಾನ್ಯವಾಗಿ ಮೂವಿಂಗ್ ಹೆಡ್ ಎಡದಿಂದ ಬಲಕ್ಕೆ 540 ಡಿಗ್ರಿ ತಿರುಗುತ್ತೆ, ಅಂದ್ರೆ ಒಂದೂವರೆ ಸುತ್ತು. ಇದನ್ನ 255 ಹೆಜ್ಜೆಯಲ್ಲಿ ಹಂಚಿದ್ರೆ ಒಂದು ಹೆಜ್ಜೆಗೆ 2 ಡಿಗ್ರಿಗಿಂತ ಸ್ವಲ್ಪ ಜಾಸ್ತಿ. ಲೈಟು 30 ಮೀಟರ್ ದೂರದಲ್ಲಿದ್ರೆ, ಆ 2 ಡಿಗ್ರಿ ಸ್ಟೇಜಿನ ಮೇಲೆ 1 ಮೀಟರಿಗಿಂತ ಹೆಚ್ಚು. ಹಾಡುವವರು ಒಂದು ಹೆಜ್ಜೆ ಇಟ್ರೆ ಬೆಳಕು ಮೀಟರ್ ಹಾರುತ್ತೆ, ಕಪ್ಪೆ ಕುಪ್ಪಳಿಸಿದ ಹಾಗೆ. ಅದಕ್ಕೇ ಎಡ-ಬಲಕ್ಕೆ ಒಂದಲ್ಲ, ಎರಡು ಚಾನೆಲ್ ಕೊಡ್ತಾರೆ. ಎರಡೂ ಸೇರಿದ್ರೆ 65,536 ಹೆಜ್ಜೆ. ಅದೇ 30 ಮೀಟರಿನಲ್ಲಿ ಒಂದು ಹೆಜ್ಜೆ ಅಂದ್ರೆ 4 ಮಿಲಿಮೀಟರ್ ಚಿಲ್ಲರೆ, ಒಂದು ಜೋಳದ ಕಾಳಿನಷ್ಟು. ಈಗ ಬೆಳಕು ಹರಿಯುತ್ತೆ, ಕುಪ್ಪಳಿಸಲ್ಲ.

ಮೂರನೆಯದು ಕಣ್ಣು. ಲೈಟಿನ ತಲೆಯ ಮೇಲೆ ಅಥವಾ ಪಕ್ಕದಲ್ಲಿ ಒಂದು ಪುಟ್ಟ ಕ್ಯಾಮೆರಾ ಇಡ್ತಾರೆ. ಅದರ ಚಿತ್ರ ಕೇಬಲ್ಲಿನ ಮೂಲಕ ಕೆಳಗಿನ ಪರದೆಗೆ ಬರುತ್ತೆ. ಪರದೆಯ ಮುಂದೆ ಒಬ್ಬರು ಕೂತಿರ್ತಾರೆ. ಅವರ ಕೈಯಲ್ಲಿ ಸೈಕಲ್ ಹ್ಯಾಂಡಲ್ಲಿನಂಥ ಎರಡು ಹಿಡಿಕೆ. ಹಿಡಿಕೆಯನ್ನ ಎಡಕ್ಕೆ ತಿರುಗಿಸಿದ್ರೆ ಅಷ್ಟು ಎತ್ತರದಲ್ಲಿರೋ ಲೈಟು ಎಡಕ್ಕೆ ತಿರುಗುತ್ತೆ. ಬೆಳಕಿನ ವೃತ್ತ ದೊಡ್ಡದು-ಚಿಕ್ಕದು ಮಾಡೋಕೆ ಬೆರಳಿನ ಹತ್ತಿರವೇ ಗುಂಡಿ. ಬೆಳಕಿನ ಪ್ರಮಾಣ, ಬಣ್ಣ ಮಾತ್ರ ಹೆಚ್ಚಾಗಿ ಮುಖ್ಯ ಕನ್ಸೋಲಿನ ಕೈಯಲ್ಲಿ. ಹಿಡಿಕೆಯವರು ‘ಎಲ್ಲಿ’ ಅನ್ನೋದನ್ನ ನೋಡ್ತಾರೆ, ಕನ್ಸೋಲಿನವರು ‘ಎಷ್ಟು’ ಅನ್ನೋದನ್ನ.

ಜೆಕ್ ಗಣರಾಜ್ಯದ ರೋಬ್ ಕಂಪನಿಯ ರೋಬೋಸ್ಪಾಟ್, ಪಿಆರ್‌ಜಿ ಕಂಪನಿಯ ಗ್ರೌಂಡ್‌ಕಂಟ್ರೋಲ್ ಈ ಬಗೆಯವು. ಎರಡನೆಯ ಹೆಸರಿನಲ್ಲೇ ಎಲ್ಲ ಇದೆ ನೋಡ್ರಿ: ಗ್ರೌಂಡ್, ನೆಲ. ಕೆಲವು ವ್ಯವಸ್ಥೆಗಳಲ್ಲಿ ಒಬ್ಬರ ಒಂದೇ ಹಿಡಿಕೆ ಒಂದಕ್ಕಿಂತ ಹೆಚ್ಚು ಲೈಟುಗಳನ್ನ ಒಂದೇ ಮುಖದ ಕಡೆ ತಿರುಗಿಸುತ್ತೆ, ಮುಂದಿನಿಂದ ಒಂದು, ಬೆನ್ನ ಹಿಂದಿನಿಂದ ಇನ್ನೊಂದು.

ಟಿ.ವಿ.ಗೆ ಯಾಕೆ ಇಷ್ಟು ಬೇಕು?

ಇದನ್ನ ನಿಮ್ಮ ಫೋನಿನಲ್ಲೇ ಪರೀಕ್ಷೆ ಮಾಡಬಹುದು. ಮಧ್ಯಾಹ್ನ ಕಿಟಕಿಗೆ ಬೆನ್ನು ಮಾಡಿ ಸೆಲ್ಫಿ ತಗೊಳ್ಳಿ. ಕಿಟಕಿ ಬೆಳ್ಳಗೆ ಬರುತ್ತೆ, ನಿಮ್ಮ ಮುಖ ಕಪ್ಪಗೆ. ಇವತ್ತಿನ ದೊಡ್ಡ ಸ್ಟೇಜುಗಳ ಹಿಂದೆ ಅಂಥದ್ದೇ ಕಿಟಕಿ ಇದೆ, ಎಲ್‌ಇಡಿ ಗೋಡೆ. ಅಷ್ಟು ಬೆಳಗೋ ಗೋಡೆಯ ಮುಂದೆ ನಿಂತ ಮುಖ ಕ್ಯಾಮೆರಾಗೆ ಕಾಣಬೇಕಾದ್ರೆ ಮುಖದ ಮೇಲೆ ಅದಕ್ಕೆ ತಕ್ಕ ಬೆಳಕು ಬೇಕು. ಇಡೀ ಸ್ಟೇಜಿಗೇ ಅಷ್ಟು ಬೆಳಕು ಹಾಕಿದ್ರೆ ಎಲ್‌ಇಡಿ ಗೋಡೆಯ ಚಿತ್ರವೇ ತೊಳೆದು ಹೋಗುತ್ತೆ. ಆದ್ದರಿಂದ ಮುಖಕ್ಕಷ್ಟೇ ಬೆಳಕು. ಮುಖ ಎಲ್ಲಿಗೆ ಹೋಗುತ್ತೋ ಅಲ್ಲಿಗೆ.

ಮನುಷ್ಯನ ಕಣ್ಣು ಏರುಪೇರನ್ನ ಕ್ಷಮಿಸಿಬಿಡುತ್ತೆ, ಕ್ಯಾಮೆರಾ ಕ್ಷಮಿಸಲ್ಲ. ಹಾಡುವವರು ಮುಂದೆ ಬಂದಾಗ ಬೆಳಕು ಹೆಚ್ಚಾಗಿ, ಹಿಂದೆ ಹೋದಾಗ ಕಡಿಮೆಯಾದ್ರೆ ಟಿ.ವಿ.ಯಲ್ಲಿ ಒಬ್ಬರದೇ ಮುಖ ಎರಡು ಬಣ್ಣದಲ್ಲಿ ಕಾಣುತ್ತೆ. ಬೆಳಕಿನ ಬಣ್ಣವನ್ನ ಕೆಲ್ವಿನ್‌ನಲ್ಲಿ ಅಳೀತಾರೆ. ಹಳೆಯ ಹ್ಯಾಲೋಜನ್ ಸುಮಾರು 3200, ಹಳದಿ. ಹಗಲಿನ ಬಿಳುಪು ಸುಮಾರು 5600. ಎಡಗಡೆ ಫೋಕಸ್ ಹಳದಿ, ಬಲಗಡೆಯದು ನೀಲಿ ಬಿಳುಪು ಆದ್ರೆ, ಕ್ಯಾಮೆರಾ ಎರಡಕ್ಕೂ ಹೊಂದಿಕೊಳ್ಳೋಕೆ ಆಗಲ್ಲ. ನಮ್ಮ ಜಾತ್ರೆಯ ಫೇಸ್‌ಬುಕ್ ಲೈವ್‌ನಲ್ಲಿ ಹಾಡುವವರ ಅರ್ಧ ಮುಖ ಅರಿಶಿನ, ಅರ್ಧ ಮುಖ ಸುಣ್ಣ ಆಗಿ ಕಾಣೋದು ಇದಕ್ಕೇ.

ಇನ್ನೊಂದು ಕಾರಣ ಅಟ್ಟವೇ. ಜನರ ಮಧ್ಯೆ ಕಟ್ಟಿದ ಅಟ್ಟ ಹಿಂದಿನವರ ದೃಷ್ಟಿಗೆ ಅಡ್ಡ, ಕ್ಯಾಮೆರಾಗೂ ಅಡ್ಡ. ಮನುಷ್ಯ ಕೂರೋ ಹಾಗಿಲ್ಲದ ಜಾಗದಲ್ಲೂ ಲೈಟು ಕೂರುತ್ತೆ.

ಟ್ಯಾಗ್ ಕಟ್ಟಿಕೊಂಡ ಹಾಡುಗಾರ

ಇನ್ನೊಂದು ಹೆಜ್ಜೆ ಮುಂದೆ ಹೋದವರೂ ಇದ್ದಾರೆ. ಕೆನಡಾದ ಬ್ಲ್ಯಾಕ್‌ಟ್ರ್ಯಾಕ್ಸ್, ಆಸ್ಟ್ರಿಯಾದ ಜ್ಯಾಕ್‌ಟ್ರ್ಯಾಕ್ ಅಂಥ ವ್ಯವಸ್ಥೆಗಳಲ್ಲಿ ಕಲಾವಿದರ ಬಟ್ಟೆಯೊಳಗೆ ಒಂದು ಪುಟ್ಟ ಟ್ಯಾಗ್ ಇಡ್ತಾರೆ. ಸುತ್ತಲಿನ ಕ್ಯಾಮೆರಾ ಅಥವಾ ರೇಡಿಯೋ ಸೆನ್ಸರ್ ಅದು ಎಲ್ಲಿದೆ ಅಂತ ಪತ್ತೆ ಹಚ್ಚುತ್ತೆ. ಉದ್ದ, ಅಗಲ, ಎತ್ತರ ಅಂತ ಮೂರು ಸಂಖ್ಯೆ. ಕಂಪ್ಯೂಟರ್‌ಗೆ ಪ್ರತಿ ಲೈಟಿನ ಜಾಗ ಮೊದಲೇ ಗೊತ್ತಿರುತ್ತೆ. ಲೈಟಿನ ಜಾಗ, ಮನುಷ್ಯನ ಜಾಗ ಎರಡೂ ಗೊತ್ತಿದ್ರೆ ಕೋನ ಎಷ್ಟು ಅಂತ ಹೇಳೋದು ಪಿಯುಸಿಯ ತ್ರಿಕೋನಮಿತಿ. ಹಿಡಿಕೆಯೂ ಬೇಡ, ಹಿಡಿಯೋರೂ ಬೇಡ.

ಹಂಗಾದ್ರೆ ಆಪರೇಟರ್‌ಗಳ ಕೆಲಸ ಹೋಯ್ತಾ? ಸ್ವಲ್ಪ ಹೋಗುತ್ತೆ, ಸುಳ್ಳು ಹೇಳೋದಿಲ್ಲ. ಆದ್ರೆ ಪೂರ್ತಿ ಹೋಗಲ್ಲ ಅಂತ ನನಗನ್ನಿಸೋದು ಯಾಕೆ ಅಂತ ದೊಡ್ಡಾಟದ ಉದಾಹರಣೆಯಲ್ಲೇ ಹೇಳ್ತೀನಿ.

ವೇಷಧಾರಿ ರಂಗದ ಮಧ್ಯೆ ನಿಂತಿದ್ದಾನೆ. ಸಾರಥಿ ಪಕ್ಕದಲ್ಲಿ ನಿಂತು, ನೀವು ಯಾರು, ಯಾವ ಊರಿನ ದೊರೆ ಅಂತ ಕೇಳ್ತಾನೆ. ಟ್ಯಾಗ್ ಇರೋದು ದೊರೆಯ ಮೈಮೇಲೆ. ಆದ್ರೆ ಈ ಕ್ಷಣ ಜನ ನಗ್ತಾ ಇರೋದು ಸಾರಥಿಯ ಮುಖ ನೋಡಿ. ಬೆಳಕು ಅರ್ಧ ಹೆಜ್ಜೆ ಸಾರಥಿಯ ಕಡೆ ಸರೀಬೇಕು, ನಗು ಮುಗಿದ ಮೇಲೆ ವಾಪಸ್ ಬರಬೇಕು. ಅದು ಟ್ಯಾಗಿಗೆ ಗೊತ್ತಿಲ್ಲ. ಆಟ ನೋಡಿ ಬೆಳೆದ ಕಣ್ಣಿಗೆ ಗೊತ್ತು. ಟ್ಯಾಗ್ ಹೇಳೋದು ಮನುಷ್ಯ ಎಲ್ಲಿದ್ದಾನೆ ಅಂತ. ಯಾರನ್ನ ನೋಡಬೇಕು ಅಂತ ಹೇಳೋದು ಇವತ್ತಿಗೂ ಇನ್ನೊಬ್ಬ ಮನುಷ್ಯನೇ. ಅದಕ್ಕೇ ದೊಡ್ಡ ಕಾರ್ಯಕ್ರಮಗಳಲ್ಲಿ ಟ್ಯಾಗ್ ಇದ್ದರೂ ಪಕ್ಕದಲ್ಲಿ ಹಿಡಿಕೆ ಇಟ್ಟುಕೊಳ್ಳೋದು ಜಾಣತನ.

ರಿಮೋಟಿನ ದೋಷವನ್ನೂ ಹೇಳಬೇಕು. ಅಟ್ಟದ ಮೇಲೆ ಕೂತವನಿಗೆ ಇಡೀ ಸ್ಟೇಜ್ ಕಾಣುತ್ತೆ, ಎಡಗಡೆ ಪರದೆ ಅಲುಗಿದ್ರೆ ಯಾರೋ ಬರ್ತಿದ್ದಾರೆ ಅಂತ ಮೊದಲೇ ಗೊತ್ತಾಗುತ್ತೆ. ಪರದೆಯ ಮುಂದೆ ಕೂತವರಿಗೆ ಕಾಣೋದು ಚೌಕಟ್ಟಿನೊಳಗಿನ ಚಿತ್ರ ಅಷ್ಟೇ. ಹಾಗಾಗಿ ಇನ್ನೊಂದು ಕ್ಯಾಮೆರಾದ ಅಗಲ ಚಿತ್ರವೂ ಬೇಕು, ಸಾಧ್ಯವಾದ್ರೆ ಸ್ಟೇಜ್ ಕಣ್ಣಿಗೆ ನೇರ ಕಾಣೋ ಜಾಗದಲ್ಲೇ ಕೂರಬೇಕು. ಇನ್ನು ವಿಳಂಬ. ವೀಡಿಯೊ ಕಾಲ್ ಮಾಡಿದಾಗ ತುಟಿ ಮೊದಲು, ಮಾತು ಆಮೇಲೆ ಬರುತ್ತಲ್ಲ, ಹಾಗೆ. ಚಿತ್ರ ಸೆಕೆಂಡಿನ ಐದನೇ ಒಂದು ಭಾಗ ತಡವಾದ್ರೆ, ಸೆಕೆಂಡಿಗೆ 5 ಮೀಟರ್ ಓಡೋ ಡ್ಯಾನ್ಸರ್ ಬೆಳಕಿಗಿಂತ 1 ಮೀಟರ್ ಮುಂದೆ ಇರ್ತಾರೆ. ಬೆಳಕು ಖಾಲಿ ನೆಲದ ಮೇಲೆ ಬೀಳುತ್ತೆ.

ಇದೆಲ್ಲ ರಾಯಚೂರಿಗೆ ಬಂದ್ರೆ

“ಅಣ್ಣಾ, ಇದೆಲ್ಲ ಬೆಂಗಳೂರು, ಹೈದರಾಬಾದಿಗೆ ಸರಿ. ನಮಗೇನು?” ಅಂತ ಕೇಳ್ತೀರಿ. ಕೇಳಲೇಬೇಕು.

ದೊಡ್ಡ ಸ್ಟೇಜು ನಮ್ಮಲ್ಲೂ ಏಳ್ತವೆ. 2016ರ ಡಿಸೆಂಬರಿನಲ್ಲಿ 82ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲೇ, ನಮ್ಮ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ನಡೀತು. ಬರಗೂರು ರಾಮಚಂದ್ರಪ್ಪನವರು ಅಧ್ಯಕ್ಷರು. ಕಾರಹುಣ್ಣಿಮೆಗೆ ಮುನ್ನೂರು ಕಾಪು ಸಮಾಜದವರ ಮುಂಗಾರು ಹಬ್ಬದಲ್ಲಿ ಎತ್ತುಗಳು ಕಲ್ಲು ಎಳೆಯೋದನ್ನ ನೋಡೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ, ಜೊತೆಗೆ ಕುಣಿತ, ಮೆರವಣಿಗೆ. ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಲ್ಲಿ ನಾಟಕ, ಸಂಗೀತ ನಡೀತವೆ. ಮಾನ್ವಿ, ದೇವದುರ್ಗದ ಕಡೆ ಸುಗ್ಗಿ ಮುಗಿದ ಮೇಲೆ ಜಾತ್ರೆ, ಜಾತ್ರೆಗೊಂದು ನಾಟಕ, ರಸಮಂಜರಿ. ಈಗ ಪ್ರತಿಯೊಂದಕ್ಕೂ ಯೂಟ್ಯೂಬ್ ಲೈವ್. ಟಿ.ವಿ. ಅಂದ್ರೆ ಈಗ ದೊಡ್ಡ ವಾಹಿನಿ ಮಾತ್ರ ಅಲ್ಲ. ನಿಮ್ಮ ಗೆಳೆಯನ ಫೋನೂ ಟಿ.ವಿ.ಯೇ.

ವಿದೇಶದ ವ್ಯವಸ್ಥೆಗೆ ಲಕ್ಷಗಟ್ಟಲೆ ದುಡ್ಡು ಬೇಕು. ಆದ್ರೆ ಅದರ ತತ್ವ ಕದಿಯೋಕೆ ದುಡ್ಡು ಬೇಡ. ಒಂದು ಒಳ್ಳೆಯ ಮೂವಿಂಗ್ ಹೆಡ್ ತಗೊಳ್ಳಿ, ಆದ್ರೆ ಕಡ್ಡಿಯಂತೆ ಚೂಪಾದ ಬೆಳಕು ಬಿಡೋ ಬೀಮ್ ಲೈಟ್ ಬೇಡ, ಅದನ್ನ ಮುಖಕ್ಕೆ ಹಿಡಿದ್ರೆ ಕಣ್ಣು ಕುಕ್ಕುತ್ತೆ. ವೃತ್ತ ಹಿಗ್ಗಿಸಿ-ಕುಗ್ಗಿಸಿ, ಅಂಚನ್ನ ಮೃದು ಮಾಡೋಕೆ ಬರೋ ಬಗೆಯದ್ದು ಬೇಕು. ಕ್ಯೂಎಲ್‌ಸಿ ಪ್ಲಸ್ ಅನ್ನೋ ಉಚಿತ ಸಾಫ್ಟ್‌ವೇರ್ ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತೆ. ಯುಎಸ್‌ಬಿಯಿಂದ ಡಿಎಂಎಕ್ಸ್‌ಗೆ ಒಂದು ಪರಿವರ್ತಕ. ಹಿಡಿಕೆಗೆ ಜಾಯ್‌ಸ್ಟಿಕ್. ಕಣ್ಣಿಗೆ ಲೈಟಿನ ಪಕ್ಕದಲ್ಲಿ ಕೇಬಲ್ ಇರೋ ಸಾದಾ ಅನಲಾಗ್ ಸಿಸಿಟಿವಿ ಕ್ಯಾಮೆರಾ. ವೈಫೈ ಕ್ಯಾಮೆರಾ ತಗೊಂಡ್ರೆ ತಡವಾಗುತ್ತೆ. ಮೊದಲು ಮನೆಯ ಅಂಗಳದಲ್ಲಿ, ತಮ್ಮನನ್ನ ಓಡಾಡಿಸಿ ಅಭ್ಯಾಸ ಮಾಡಿ. ಇದು ದೊಡ್ಡ ಕಾರ್ಯಕ್ರಮದ ಗುಣಮಟ್ಟ ಕೊಡಲ್ಲ, ಕೈ ಪಳಗಿಸೋಕೆ ಸಾಕು.

ನಮ್ಮ ಊರಿಗೇ ಸೇರಿದ ನಾಲ್ಕು ತೊಂದರೆ ಹೇಳ್ತೀನಿ, ಬರೆದಿಟ್ಟುಕೊಳ್ಳಿ. ಒಂದು, ಜನ. ಸಾವಿರಾರು ಫೋನ್ ಒಂದೇ ಮೈದಾನದಲ್ಲಿದ್ರೆ 2.4 ಗಿಗಾಹರ್ಟ್ಸ್ ಗಾಳಿ ಸಂತೆಯಾಗಿರುತ್ತೆ. ರಿಹರ್ಸಲ್‌ನಲ್ಲಿ ಚೆನ್ನಾಗಿ ನಡೆದ ವೈರ್‌ಲೆಸ್ ಕಾರ್ಯಕ್ರಮದ ಹೊತ್ತಿಗೆ ಕೈಕೊಡುತ್ತೆ. ಕೇಬಲ್ ಎಳೀರಿ. ಎರಡು, ಕರೆಂಟ್. ಶಕ್ತಿನಗರದ ಆರ್‌ಟಿಪಿಎಸ್‌ನ ಸಾಮರ್ಥ್ಯ 1,720 ಮೆಗಾವ್ಯಾಟ್, ಆದ್ರೂ ಜಾತ್ರೆ ನಡೆಯೋದು ಜನರೇಟರ್ ಮೇಲೆ. ವೋಲ್ಟೇಜ್ ಒಮ್ಮೆ ಕುಸಿದ್ರೆ ಮೂವಿಂಗ್ ಹೆಡ್ ಮೊದಲಿನಿಂದ ಶುರುವಾಗಿ ಗರಗರ ತಿರುಗುತ್ತೆ, ಹಾಡಿನ ಮಧ್ಯೆ. ಕನ್ಸೋಲಿಗೆ ಯುಪಿಎಸ್, ಲೈಟಿಗೆ ಸ್ಟೆಬಿಲೈಜರ್ ಇರಲಿ. ಅರ್ಥಿಂಗ್ ಇಲ್ಲದೆ ಸ್ವಿಚ್ ಒತ್ತಬೇಡಿ. ಮೂರು, ಬಿಸಿಲು ಮತ್ತು ಎರೆಮಣ್ಣಿನ ಧೂಳು. ಲೈಟಿನ ಫ್ಯಾನು ಧೂಳು ಎಳೆದುಕೊಂಡು ಕಟ್ಟಿಕೊಳ್ಳುತ್ತೆ. ಪ್ರತಿ ಕಾರ್ಯಕ್ರಮದ ನಂತರ ಊದಿ ತೆಗೀರಿ. ನಾಲ್ಕು, ತೂಕ. ಮನುಷ್ಯ ಕೆಳಗಿಳಿದ ಅಂತ ಲೈಟು ಹೇಗಾದ್ರೂ ಕಟ್ಟೋದಲ್ಲ. ಕ್ಲ್ಯಾಂಪ್ ಜೊತೆ ಉಕ್ಕಿನ ಸೇಫ್ಟಿ ತಂತಿ ಬೇಕೇ ಬೇಕು. ಅದರ ಕೆಳಗೆ ನಿಂತಿರೋದು ನಮ್ಮವರೇ.

ಇದೆಲ್ಲ ಕೊಳ್ಳೋಕೆ ಆಗಲ್ಲ ಅಂದ್ರೆ? ಆಗಲೂ ಒಂದು ಕೆಲಸ ಮಾಡಬಹುದು, ಪುಕ್ಕಟೆ. ಫೋಕಸ್ ಲೈಟನ್ನ ಮೂರಾಳು ಎತ್ತರದಿಂದ ಇಳಿಸಿ, ಜನರ ಹಿಂದೆ ನಿಲ್ಲಿಸಿದ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಇಡಿ, ಚಕ್ರಕ್ಕೆ ಕಲ್ಲು ಕೊಡಿ. ಕೋನ ಸ್ವಲ್ಪ ತಗ್ಗುತ್ತೆ, ಹಿಂದಿನ ಪರದೆ ಮೇಲೆ ನೆರಳು ಸ್ವಲ್ಪ ಎದ್ದು ಕಾಣುತ್ತೆ. ಕಾಣಲಿ. ಗಾಳಿ ಬಂದ್ರೆ ಒಂದೇ ಹೆಜ್ಜೆಗೆ ನೆಲ ಸಿಗುತ್ತೆ.

ಕೆಳಗಿಳಿದ ಕುರ್ಚಿ ಯಾರದು?

ಕೊನೆಯ ಮಾತು. ಅಟ್ಟದ ಮೇಲಿನ ಕೆಲಸ ಇಷ್ಟು ದಿನ ಯಾರಿಗೆ ಸಿಗ್ತಿತ್ತು? ಹತ್ತೋಕೆ ಹೆದರದ, ಇಲ್ಲಾ ಹೆದರಿಕೆ ಹೇಳೋಕೆ ಧೈರ್ಯವಿಲ್ಲದ ಹುಡುಗರಿಗೆ. ನನ್ನಂಥವರಿಗೆ. ಕಾಲಿಗೆ ತೊಂದರೆ ಇರೋರಿಗೆ ಅಲ್ಲಿ ಜಾಗ ಇರಲಿಲ್ಲ. ಹುಡುಗಿಯರನ್ನ ಹತ್ತಿಸೋ ಮಾತೇ ಇರಲಿಲ್ಲ. 50 ದಾಟಿದ, ನೂರು ನಾಟಕ ನೋಡಿದ, ಯಾವ ಮಾತಿಗೆ ಜನ ಅಳ್ತಾರೆ ಅಂತ ಗೊತ್ತಿರೋ ಹಿರಿಯರು ಹತ್ತೋಕೆ ಆಗದೆ ಕೆಲಸ ಬಿಟ್ರು. ಕುರ್ಚಿ ನೆಲಕ್ಕೆ ಬಂದ್ರೆ ಇವರೆಲ್ಲರಿಗೂ ಅದು ಸಿಗುತ್ತೆ. ವಿಡಿಯೊ ಗೇಮ್ ಆಡಿ ಪಳಗಿದ ದೇವದುರ್ಗದ ಹುಡುಗಿಯ ಹೆಬ್ಬೆರಳು, ದೊಡ್ಡಾಟ ಬಲ್ಲ ಮಾನ್ವಿಯ ಅಜ್ಜನ ಕಣ್ಣು, ಎರಡೂ ಒಂದೇ ಪರದೆಯ ಮುಂದೆ ಕೂರಬಹುದು. ನನಗೆ ಈ ತಂತ್ರಜ್ಞಾನ ಇಷ್ಟವಾಗೋದು ಇದಕ್ಕೆ.

ಈ ಸಂಚಿಕೆ ಕೇಳಿದವರು ಮುಂದಿನ ಸಲ ಜಾತ್ರೆಗೆ ಹೋದಾಗ ಒಂದು ಕೆಲಸ ಮಾಡಿ. ಸ್ಟೇಜ್ ನೋಡೋ ಮೊದಲು ಒಮ್ಮೆ ಹಿಂದಕ್ಕೆ ತಿರುಗಿ, ಬೆಳಕು ಎಲ್ಲಿಂದ ಬರ್ತಿದೆ ನೋಡಿ. ಮೇಲೆ ಒಬ್ಬ ಹುಡುಗ ಬೆಲ್ಟ್ ಇಲ್ಲದೆ ಕೂತಿದ್ರೆ, ವಿಡಿಯೊ ಮಾಡಿ ಹಾಕೋದಲ್ಲ, ಕಮಿಟಿಯವರ ಹತ್ತಿರ ಹೋಗಿ ಹೇಳಿ. ನೀವೇ ಕಮಿಟಿಯಲ್ಲಿದ್ರೆ ಇನ್ನೂ ಸುಲಭ. ಗಾಳಿ ಎದ್ದಾಗ ಅವನು ಇಳೀತೀನಿ ಅಂತ ಕೂಗಿದ್ರೆ, ಹಾಡು ಮುಗಿಯೋ ತನಕ ಕಾಯೋದು ಬೇಡ.

“ಇಳಿ ತಮ್ಮಾ” ಅನ್ನಿ. ಹಾಡು ಕತ್ತಲಲ್ಲೂ ಕೇಳುತ್ತೆ.